ತಾನಾಗಿ ಏಳದ ಮಷಿನ್ನು

ಕರೆಂಟು ಹೋದಾಗ ಖುಷಿಪಡುವ ಮನುಷ್ಯ ಇಡೀ ಶಹಾಬಜಾರದಲ್ಲಿ ನಾನೊಬ್ಬನೇ ಇರಬೇಕು. ಓಣಿಯ ಕೂಲರುಗಳೆಲ್ಲ ಒಮ್ಮೆಲೇ ಉಸಿರು ಬಿಟ್ಟ ಹೊತ್ತಿಗೆ ನನ್ನ ತಗಡಿನ ಶೆಡ್ಡಿನ ಗೋಡೆಯಿಂದ ‘ಟಕ್’ ಅಂತ ಒಂದು ಸದ್ದು ಬರುತ್ತದೆ. ಕಾಂಟ್ಯಾಕ್ಟರು ಕೈಬಿಟ್ಟ ಸದ್ದು. ಇನ್ನು ಕರೆಂಟು ಐದು ನಿಮಿಷಕ್ಕೆ ಬರಲಿ, ದೀಪ ಹಚ್ಚುವ ಹೊತ್ತಿಗೆ ಬರಲಿ, ನಾನು ಹಸಿರು ಗುಂಡಿ ಒತ್ತುವ ತನಕ ಗರಗಸದ ಚಕ್ರ ಮಿಸುಕುವುದಿಲ್ಲ. ಸ್ಟಾರ್ಟರು ಹೊಸದಾಗಿ ಕೂತಿದೆ, ಖುಷಿಯೂ ಇನ್ನೂ ಹೊಸದು. ಮನೆಯಲ್ಲಿ ಮಿಕ್ಕವರು ಬೀಸಣಿಗೆ ಹುಡುಕುತ್ತಿರುವಾಗ ನಾನು ಹಲ್ಲು ಕಿರಿಯುವುದು ಚೆಂದ ಕಾಣುವುದಿಲ್ಲ ಅಂತ ಮುಖ ತಿರುಗಿಸಿಕೊಳ್ಳುತ್ತೇನೆ, ಅಷ್ಟೇ.

ಕೊಳ್ಳಲು ಹೊರಟಾಗಿನ ಪಾಡು ಬೇರೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ‘ಕರೆಂಟ್ ಹೋದರೆ ತಾನೇ ಬಂದಾಗಬೇಕು, ಬಂದರೆ ತಾನೇ ಚಾಲೂ ಆಗಬಾರದು, ಅಂಥ ಸ್ವಿಚ್ಚು’ ಅಂದೆ. ‘ಬೆಲ್ ಬಟನ್ನೇನ್ರಿ?’ ಅಂದರು. ಇನ್ನೊಂದು ಕಡೆ, ‘ಎಂಸಿಬಿ ಹಾಕ್ರಿ, ಸಾಕಾಗ್ತದ.’ ಈ ‘ಎಂಸಿಬಿ ಸಾಕು’ ಪಂಥದವರ ಜೊತೆ ನನ್ನದು ಹಳೇ ಜಗಳ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿ ಸುಡಬಾರದೆಂದು. ಕರೆಂಟು ಹೋಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ; ಹಿಡಿಕೆ ಮೇಲೆತ್ತಿಕೊಂಡೇ ಕಾಯುತ್ತಿರುತ್ತದೆ, ಬಂದ ಕೂಡಲೇ ಮೋಟರಿಗೆ ದಾಟಿಸಿಬಿಡುತ್ತದೆ. ನನ್ನ ಬೆರಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕೊನೆಗೆ ಆನ್‌ಲೈನಿನಲ್ಲಿ ಒಂದು ಹಳದಿ ಡಬ್ಬಿ ತರಿಸಿದೆ. ಕೆಂಪು ಮುಚ್ಚಳ, ಮೇಲೆ ಹದಿನಾರು ಆಂಪಿಯರಿನ ಚೀಟಿ. ಬಿಚ್ಚಿ ನೋಡಿದರೆ ಒಳಗಿನ ಕಾಂಟ್ಯಾಕ್ಟು ಮಕ್ಕಳ ಗೆಜ್ಜೆಯ ಬೆಳ್ಳಿಗಿಂತ ತೆಳು. ಎರಡು ಎಚ್‌ಪಿ ಮೋಟರು ಏಳುವಾಗ ಎಳೆಯುವುದು ಓಡುವ ಕರೆಂಟಿನ ಐದಾರು ಪಟ್ಟು. ಒಂದು ದಿನ ಆ ತೆಳು ಬೆಳ್ಳಿ ಒಂದಕ್ಕೊಂದು ಬೆಸೆದುಕೊಂಡರೆ ಕೆಂಪು ಮುಚ್ಚಳವನ್ನು ಎಷ್ಟು ಗುದ್ದಿದರೂ ಗರಗಸ ತಿರುಗುತ್ತಲೇ ಇರುತ್ತದೆ. ವಾಪಸ್ ಕಳಿಸಿದೆ.

ಹುಡುಕುತ್ತಿದ್ದ ವಸ್ತು ಇದ್ದದ್ದು ಹುಮನಾಬಾದ್ ರಸ್ತೆಯಲ್ಲಿ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ ಅಂತ ಎಲ್ಲರೂ ಹೇಳುತ್ತಾರೆ. ಆ ಬಾಳೆಗೆ ನೀರೆತ್ತುವ ಪಂಪಿನ ಸ್ಟಾರ್ಟರನ್ನು ಯಾರೂ ಹೊಗಳುವುದಿಲ್ಲ. ನೆಂಟರ ತೋಟದಲ್ಲಿ, ಬೇವಿನ ಮರದ ಕೆಳಗೆ, ತುಕ್ಕು ಹಿಡಿದ ತಗಡಿನ ಪೆಟ್ಟಿಗೆಯಲ್ಲಿ ಅದು ಕೂತಿತ್ತು: ಹಸಿರು ಗುಂಡಿ, ಕೆಂಪು ಗುಂಡಿ, ಒಳಗೆ ಕಾಯಿಲ್ಲು, ಸ್ಪ್ರಿಂಗು, ಓವರ್‌ಲೋಡ್ ರಿಲೇ. ನಾನು ಪರದೇಶದ ಕ್ಯಾಟಲಾಗಿನಲ್ಲಿ ಬೆರಳಿಟ್ಟು ಹುಡುಕುತ್ತಿದ್ದದ್ದು ನಮ್ಮ ಒಕ್ಕಲಿಗರ ಹೊಲದಲ್ಲಿ ಮಳೆಯಲ್ಲಿ ನೆನೆಯುತ್ತ, ಬಿಸಿಲಲ್ಲಿ ಒಣಗುತ್ತ ದುಡಿಯುತ್ತಿದೆ. ಗಟ್ಟಿ, ಅಗ್ಗ, ಬಿಡಿಭಾಗ ತಾಲ್ಲೂಕು ಊರಲ್ಲೂ ಸಿಗುತ್ತದೆ.

ಆದರೆ ಅದು ತ್ರೀ ಫೇಸಿನದು, ನನ್ನ ಗರಗಸ ಸಿಂಗಲ್ ಫೇಸಿನದು. ಬಹಳ ಜನ ಎಡವುವುದು ಇಲ್ಲೇ. ನನಗೆ ಹೇಳಲು ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. 415 ವೋಲ್ಟಿನ ಕಾಯಿಲ್ ತೆಗೆದು 240ರದು ಹಾಕಬೇಕೆಂಬುದು ಎಲ್ಲರಿಗೂ ಗೊತ್ತು. ಆಮೇಲೆ ಮೂರು ಕಂಬಗಳಲ್ಲಿ ಎರಡಕ್ಕೆ ಮಾತ್ರ ತಂತಿ ಕೊಟ್ಟು, ಮೂರನೆಯದನ್ನು ಖಾಲಿ ಬಿಟ್ಟು, ಸ್ವಲ್ಪ ಹೊತ್ತಿಗೆ ಟ್ರಿಪ್ ಆಯಿತೆಂದು ರಿಲೇಯನ್ನು ಬೈಯುತ್ತಾರೆ. ರಿಲೇಯದು ತಪ್ಪಲ್ಲ. ಮೂರು ಲೋಹದ ಪಟ್ಟಿಗಳಲ್ಲಿ ಎರಡು ಕಾದು ಒಂದು ತಣ್ಣಗಿದ್ದರೆ ‘ಒಂದು ಫೇಸು ಹೋಯಿತು’ ಅಂತ ತಿಳಿದು ಕೆಡವುವುದೇ ಅದರ ಕೆಲಸ. ಅದಕ್ಕೆ ನ್ಯೂಟ್ರಲ್ಲನ್ನು ನಡುವಿನ ಕಂಬದಲ್ಲಿ ಇಳಿಸಿ. ಫೇಸನ್ನು ಎಡಗಂಬದಲ್ಲಿ ಇಳಿಸಿ, ರಿಲೇಯ ಕೆಳಗಿನಿಂದ ಒಂದು ತುಂಡು ತಂತಿಯಲ್ಲಿ ಮತ್ತೆ ಮೇಲಕ್ಕೆ ಒಯ್ದು ಬಲಗಂಬದಲ್ಲಿ ಇನ್ನೊಮ್ಮೆ ಇಳಿಸಿ, ಅಲ್ಲಿಂದ ಮೋಟರಿಗೆ ಕೊಡಿ. ಈಗ ಮೂರರಲ್ಲೂ ಅದೇ ಕರೆಂಟು. ಒಂದೇ ಬಿಸಿಗೆ ಮೂರೂ ಪಟ್ಟಿ ಬಾಗುತ್ತವೆ, ರಿಲೇ ಸಮಾಧಾನವಾಗಿರುತ್ತದೆ. ಡಯಲನ್ನು ಮೋಟರಿನ ಫಲಕದಲ್ಲಿ ಬರೆದಷ್ಟೇ ಆಂಪಿಯರಿಗೆ ತಿರುಗಿಸಿ, ಒಂದು ಗೆರೆಯೂ ಹೆಚ್ಚಿಗೆ ಬೇಡ.

ರಿಲೇಯ ಮೇಲೆ 95, 96 ಅಂತ ಎರಡು ಸಣ್ಣ ಅಂಕಿಗಳಿರುತ್ತವೆ. ಕಾಯಿಲ್ಲಿನ ದಾರಿ ಅವುಗಳ ಮೂಲಕವೇ ಹಾಯಬೇಕು. ‘ಪದೇ ಪದೇ ಬೀಳ್ತದ’ ಅಂತ ಅವನ್ನು ತಪ್ಪಿಸಿ ನೇರ ಜೋಡಿಸಿದ ಮಿಸ್ತ್ರಿಗಳನ್ನು ಬಲ್ಲೆ. ಆಗ ರಿಲೇ ಕಾಯುತ್ತದೆ, ಟಿಕ್ ಅನ್ನುತ್ತದೆ, ತನ್ನ ಕರ್ತವ್ಯ ಮುಗಿಸಿ ಸುಮ್ಮನಾಗುತ್ತದೆ. ಮೋಟರು ತನ್ನ ಪಾಡಿಗೆ ತಾನು ಸುಡುತ್ತಿರುತ್ತದೆ.

ಇಂಥ ಸ್ಟಾರ್ಟರನ್ನು ಸೋಲಿಸಲು ನಮ್ಮ ಜನ ಪಡುವ ಶ್ರಮ ನೋಡಬೇಕು. ಗುಂಡಿಗೆ ಕಟ್ಟಿಗೆ ಚೂರು ಸಿಗಿಸುತ್ತಾರೆ, ದಾರ ಕಟ್ಟುತ್ತಾರೆ. ನಾಜೂಕಿನವರು ಪೆಟ್ಟಿಗೆಯೊಳಗೆ ‘ಆಟೋ’ ಕೂರಿಸುತ್ತಾರೆ. ತ್ರೀ ಫೇಸ್ ಬಂದ ಸ್ವಲ್ಪ ಹೊತ್ತಿಗೆ ಅದೇ ಹಸಿರು ಗುಂಡಿಯ ಕೆಲಸ ಮಾಡುತ್ತದೆ. ತೋಟದವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡುತ್ತದೆ, ಆದರೆ ಏಳು ತಾಸಿನ ತ್ರೀ ಫೇಸು, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದವರು ಗುಂಡಿ ಒತ್ತಲು ಹಾವು ಚೇಳು ತುಳಿಯುತ್ತ ಕತ್ತಲಲ್ಲಿ ಹೋಗಬೇಕೇನು? ಒಂದು ಫೀಡರಿನ ಪಂಪುಗಳೆಲ್ಲ ಆಟೋದಲ್ಲಿದ್ದರೆ ಕರೆಂಟು ಬಂದ ಗಳಿಗೆಗೆ ಎಲ್ಲವೂ ಒಟ್ಟಿಗೆ ಎದ್ದು ಆ ಐದಾರು ಪಟ್ಟು ಎಳೆದು ಟ್ರಾನ್ಸ್‌ಫಾರ್ಮರ್ ಸುಡುತ್ತವೆ ಅನ್ನುವುದು ನಿಜ. ಅದರ ಲೆಕ್ಕ ಬೇರೆ. ಪಂಪು ತಾನಾಗಿ ಎದ್ದರೆ ಬಾಳೆಗೆ ನೀರು ಹೋಗುತ್ತದೆ, ಯಾರ ಕೈಯೂ ಹೋಗುವುದಿಲ್ಲ.

ಸಿಟ್ಟಿರುವುದು ಬಡಿಗೇರರ ಮೇಲೆ, ಅದರಲ್ಲೂ ಚಲೋ ಕೆಲಸಗಾರರ ಮೇಲೆ. ನಾಲ್ಕು ಇಂಚಿನ ಮಾರ್ಬಲ್ ಕಟರನ್ನು ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ತಿರುಪು ಹಾಕಿ ಬಿಗಿಯುತ್ತಾರೆ, ಟ್ರಿಗರಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ, ಮೇಲೆ ಬಂದ ಅರ್ಧ ಚಕ್ರಕ್ಕೆ ‘ಟೇಬಲ್ ಮಷಿನ್ನು’ ಅನ್ನುತ್ತಾರೆ. ಶಹಾಬಾದಿನ ಪರಸಿ ಕೊಯ್ಯಲಿಕ್ಕೆಂದು ಹುಟ್ಟಿದ ಯಂತ್ರ ಅದು, ನಿಮಿಷಕ್ಕೆ 10,000ಕ್ಕೂ ಮಿಕ್ಕಿ ಸುತ್ತುತ್ತದೆ. ಅದಕ್ಕೆ ಕಟ್ಟಿಗೆಯ ಹಲ್ಲುಚಕ್ರ ಹಾಕಿ, ಆನ್ ಆಫ್ ಎರಡನ್ನೂ ಆರು ಮಾರು ದೂರದ ಎಕ್ಸ್‌ಟೆನ್ಷನ್ ಬೋರ್ಡಿಗೆ ಬಿಡುತ್ತಾರೆ. ಕರೆಂಟು ಹೋಯಿತು, ಚಹಾ ಕುಡಿದರು, ಹುಡುಗನಿಗೆ ‘ಹಲಗಿ ಮ್ಯಾಲಿನ ಹೊಟ್ಟು ಬಳಿ’ ಅಂದರು, ಅವನು ಬರಿಗೈಯಿಂದ ಬಳಿದ, ಕರೆಂಟು ಬಂತು. ಮುಂದಿನದನ್ನು ಬರೆಯುವುದಿಲ್ಲ. ಹೇಳಿದರೆ, ‘ಮೂವತ್ತು ವರ್ಷ ಆಯ್ತ್ರಿ ಹಿಂಗೇ ಮಾಡ್ಲಿಕತ್ತು, ಏನಾಗ್ಯದ?’ ಅನ್ನುತ್ತಾರೆ. ಹಾಗೆ ಅಂದವರ ಎಡಗೈ ನೋಡುವ ಕೆಟ್ಟ ಚಟ ನನಗಂಟಿದೆ. ಕೈ ಪೂರ್ತಿ ಇದ್ದರೂ ಸಿಟ್ಟು ಇಳಿಯುವುದಿಲ್ಲ, ಯಾಕೆಂದರೆ ಹೊಟ್ಟು ಬಳಿಯುವುದು ಅವರಲ್ಲ, ಆ ಹುಡುಗ. ಆಕಸ್ಮಿಕವಾಗಿ ಆನ್ ಆಗಬಲ್ಲ ಸಾಧನವನ್ನು ಆಫ್‌ನಲ್ಲೇ ಬೀಗ ಹಾಕಿಡುವ ವ್ಯವಸ್ಥೆ ಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮೇ ಹೇಳಿತ್ತು. ಆದರೆ ಅದರಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳಲು ಕರೆಂಟಿನ ಜೊತೆ ಹತ್ತು ಜನ ಕೆಲಸಗಾರರು ಬೇಕಿತ್ತು. ಮಾಲೀಕ ಒಬ್ಬ, ಹುಡುಗ ಒಬ್ಬ ಇದ್ದ ಶೆಡ್ಡಿನ ಬಾಗಿಲ ತನಕ ಆ ಕಲಮು ಬರಲೇ ಇಲ್ಲ.

ಕಲಬುರಗಿಯ ಬೇಸಿಗೆಗೆ ಈ ಸ್ಟಾರ್ಟರಿನದೂ ಒಂದು ತಕರಾರಿದೆ. ಕಾಂಟ್ಯಾಕ್ಟರು ಸರಿಯಾಗಿ ಕಚ್ಚಿಕೊಳ್ಳಲು ಕಾಯಿಲ್ಲಿಗೆ ಬರೆದ ವೋಲ್ಟೇಜಿನ ನೂರಕ್ಕೆ 85 ಪಾಲಾದರೂ ಬೇಕು, 240ರದಕ್ಕೆ 204. ಮೇ ತಿಂಗಳ ಮಧ್ಯಾಹ್ನ ಮನೆಮನೆಯ ಕೂಲರೂ ತಿರುಗುವಾಗ ವೋಲ್ಟೇಜು ಅದಕ್ಕಿಂತ ಕೆಳಗಿಳಿದರೆ ಗುಂಡಿ ಒತ್ತಿದಾಗ ಅದು ಗೊರಗೊರ ಅನ್ನುತ್ತದೆ. ಆಗ ಕೆಲಸ ಬಿಟ್ಟು ಮಲಗುವುದೇ ವಾಸಿ, ಅಂಥ ವೋಲ್ಟೇಜಿನಲ್ಲಿ ಮೋಟರೂ ಬದುಕುವುದಿಲ್ಲ. ವೋಲ್ಟೇಜು ಸರಿಯಿದ್ದೂ ಗೊರಗುಟ್ಟಿದರೆ ಒಳಗಿನ ಕಬ್ಬಿಣದ ಮುಖಕ್ಕೆ ಧೂಳು ಕೂತಿರುತ್ತದೆ, ಇಲ್ಲವೇ ಅದರ ಮೇಲಿನ ತಾಮ್ರದ ಸಣ್ಣ ಉಂಗುರ ಒಡೆದಿರುತ್ತದೆ. ಪ್ಲಗ್ಗು ಕಿತ್ತು ಒಣ ಬಟ್ಟೆಯಲ್ಲಿ ಒರೆಸಿ; ಅರ ಹಾಕಿ ಉಜ್ಜಬೇಡಿ.

ಕೆಂಪು ಗುಂಡಿಯ ವಿಷಯದಲ್ಲಿ ನಾನು ಜಿಪುಣನಲ್ಲ. ಸ್ಟಾಪ್ ಗುಂಡಿಗಳನ್ನು ಸಾಲಾಗಿ ಎಷ್ಟು ಬೇಕಾದರೂ ಪೋಣಿಸಬಹುದು, ಯಾವುದರ ತಂತಿ ಕಡಿದರೂ ಯಂತ್ರ ನಿಲ್ಲುತ್ತದೆಯೇ ಹೊರತು ಓಡುವುದಿಲ್ಲ. ಎರಡೂ ಕೈ ಹಲಗೆಯ ಮೇಲಿರುವಾಗ ಒತ್ತಲೆಂದು ಒಂದನ್ನು ಮೊಣಕಾಲಿನ ಎತ್ತರಕ್ಕೆ ಹಾಕಿ, ಮುಂದೆ ಅಗಲವಾದ ಸಾಗವಾನಿ ರೆಪ್ಪೆ ತೂಗುಬಿಟ್ಟಿದ್ದೇನೆ. ಲೇಥಿಗೂ ಹೀಗೇ ಮಾಡೋಣವೆಂದು ಇನ್ನೊಂದು 240ರ ಕಾಯಿಲ್ ತರಲು ಹೋದೆ. ಅಂಗಡಿಯಾತ ಕಾಯಿಲ್ಲಿನ ಜೊತೆಗೆ ಮತ್ತೊಂದು ಡಬ್ಬಿ ಕೌಂಟರಿನ ಮೇಲಿಟ್ಟ.

‘ಆಟೋನೂ ಒಯ್ರಿ ಸರ. ಕರೆಂಟ್ ಬಂದ್ ಕೂಡ್ಲೇ ತಾನೇ ಚಾಲೂ ಆಗ್ತದ.’

ಬೇಡ, ಇದು ಕಟ್ಟಿಗೆ ಕಡೆಯುವ ಮಷಿನ್ನಿಗೆ ಅಂದೆ.

‘ಹಂಗೇನ್ರಿ,’ ಅಂದ. ಬಿಲ್ ಬರೆಯುತ್ತ ಕೇಳಿದ: ‘ಮತ್ತ ಬೋರ್ ಎಷ್ಟ್ ಫೂಟ್ ಅದರಿ?’