ಒಂದೇ ಪಾಯಿಂಟಿನ ನೋವು ಬಲ್ಲ ಊರು

ಡಬ್ಲಿನ್‌ನಿಂದ ಕಿಲ್ಕೆನ್ನಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಷ್ಟೂ ಹೊತ್ತು ಮೊಮ್ಮಗಳು ಕಿಟಕಿಯತ್ತ ಮುಖ ತಿರುಗಿಸಿ ಕೂತಿದ್ದಳು. ಹಿಂದಿನ ದಿನ ಅವಳ ತಂಡ ಒಂದೇ ಒಂದು ಪಾಯಿಂಟಿನಿಂದ ಸೋತಿತ್ತು. ‘ಇನ್ಮೇಲೆ ಕಮೋಗಿ ಆಡಲ್ಲ ಅಜ್ಜಿ’ ಅಂದುಬಿಟ್ಟಿದ್ದಳು.

ಕಮೋಗಿ ಐರ್ಲೆಂಡಿನ ಹೆಣ್ಣುಮಕ್ಕಳ ಆಟ. 1904ರಲ್ಲಿ ಡಬ್ಲಿನ್‌ನಲ್ಲಿ ಶುರುವಾಯಿತು. ತಂಡಕ್ಕೆ ಹದಿನೈದು ಜನ. ಕೈಯಲ್ಲಿ ಹರ್ಲಿ ಎಂಬ ಮರದ ಕೋಲು. ಅದರ ತುದಿ ಅಗಲ, ದೋಸೆ ಮೊಗಚುವ ಕೈ ನೆನಪಾಗುತ್ತದೆ. ಚೆಂಡನ್ನು ಗಾಳಿಯಲ್ಲೇ ಬಾರಿಸುತ್ತಾರೆ. ಗೋಲುಕಂಬದ ಅಡ್ಡಪಟ್ಟಿಯ ಕೆಳಗೆ ಹೋದರೆ ಮೂರು ಪಾಯಿಂಟ್, ಮೇಲೆ ಹೋದರೆ ಒಂದು. ನೋಡುವಾಗ ನನ್ನ ಎದೆ ಡವಡವ!

ಕಿಲ್ಕೆನ್ನಿಯಲ್ಲಿ ನೋರ್ ನದಿ, ದಡದ ಮೇಲೆ ಹಳೆಯ ಕೋಟೆ. ಅಲ್ಲಿನ ಹುಲ್ಲಿನ ಮೇಲೆ ಕೂತು ಚಕ್ಕುಲಿ ಡಬ್ಬಿ ಬಿಚ್ಚಿದೆ. ಮಗ ಹೇಳಿದ್ದ ಆ್ಯನ್ ಡೌನಿಯವರ ಕಥೆಯನ್ನೂ.

ಆ್ಯನ್ ಮತ್ತು ಅವರ ಅವಳಿ ಏಂಜೆಲಾ ಇದೇ ಕೌಂಟಿಯವರು. ಕೌಂಟಿ ಅಂದರೆ ನಮ್ಮ ಜಿಲ್ಲೆಯಿದ್ದ ಹಾಗೆ. ಇಬ್ಬರೂ ಆಟಗಾರ್ತಿಯರಾಗಿ ಹನ್ನೆರಡು ಸಲ ಅಖಿಲ ಐರ್ಲೆಂಡ್ ಕಪ್ ಗೆದ್ದವರು. ಆಮೇಲೆ ಆ್ಯನ್ ಕೌಂಟಿ ತಂಡದ ಮ್ಯಾನೇಜರ್ ಆದರು. ಮ್ಯಾನೇಜರ್ ಅಂದರೆ ಲೆಕ್ಕಪತ್ರ ನೋಡುವವರಲ್ಲ ಮಕ್ಕಳೇ. ಅಭ್ಯಾಸ ಮಾಡಿಸಬೇಕು, ಹದಿನೈದು ಜನರನ್ನು ಆರಿಸಬೇಕು, ಆಯ್ಕೆಯಾಗದ ಹುಡುಗಿಯ ಮುಖವನ್ನೂ ನೋಡಬೇಕು. ನನಗಂತೂ ಈ ಕೊನೆಯದು ಆಗದ ಮಾತು.

2016ರಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಕಾರ್ಕ್ ತಂಡವನ್ನು ಸೋಲಿಸಿದರು. 1994ರ ನಂತರ, ಇಪ್ಪತ್ತೆರಡು ವರ್ಷಕ್ಕೆ ಕಪ್ ಊರಿಗೆ ಬಂತು. 2017ರಲ್ಲಿ ಮತ್ತೆ ಫೈನಲ್, ಎದುರಿಗೆ ಮತ್ತೆ ಕಾರ್ಕ್. ಒಂದು ಪಾಯಿಂಟಿನಿಂದ ಸೋಲು. 2018ರಲ್ಲೂ ಫೈನಲ್, ಅದೇ ಕಾರ್ಕ್.

‘ಆಗಲೂ ಒಂದೇ ಪಾಯಿಂಟಾ?’ ಮೊಮ್ಮಗಳು ಈಗ ನನ್ನತ್ತ ತಿರುಗಿದ್ದಳು.

‘ಒಂದೇ.’

‘ಬಿಟ್ಟುಬಿಟ್ರಾ?’

ಇಲ್ಲ. 2019ರಲ್ಲೂ ತಂಡವನ್ನು ಫೈನಲ್‌ಗೆ ತಂದರು. ಈ ಸಲ ಗಾಲ್ವೇ ಗೆದ್ದಿತು. ಆಮೇಲೆ ಆ್ಯನ್ ಹುದ್ದೆ ಬಿಟ್ಟರು. ಮರುವರ್ಷ ಬ್ರಯಾನ್ ಡೌಲಿಂಗ್ ಮ್ಯಾನೇಜರ್ ಆಗಿದ್ದಾಗ ಕಿಲ್ಕೆನ್ನಿ ಅದೇ ಗಾಲ್ವೇ ತಂಡವನ್ನು ಸೋಲಿಸಿ ಕಪ್ ಎತ್ತಿತು. ಕೋವಿಡ್ ಕಾಲ, ಗ್ಯಾಲರಿಯಲ್ಲಿ ಜನವೇ ಇಲ್ಲ.

‘ಪಾಪ, ಅವರಿಗೆ ಸಿಗಲಿಲ್ಲ’ ಅಂದಳು. ಹೊಸಬರ ದುಡಿಮೆ ಅವರದೇ. ಆದರೂ ಆ ಕಪ್ಪಿನಲ್ಲಿ ಆ್ಯನ್ ಪಾಲೂ ಇದೆ ಅಂತ ನನ್ನ ಲೆಕ್ಕ. ಅವಳು ಒಪ್ಪಲಿಲ್ಲ. ಸ್ಟೇಷನ್ನಿನವರೆಗೂ ವಾದ ಮಾಡಿದಳು.

ದಾರಿಯಲ್ಲಿ ಒಂದು ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಹರ್ಲಿಗಳು. ಅವಳು ನಿಂತು, ಸೊಂಟದ ಹತ್ತಿರ ಕೈಯಿಟ್ಟು ಅಳತೆ ನೋಡಿಕೊಂಡಳು.

‘ಅಜ್ಜಿ, ನಂದು ಗಿಡ್ಡ ಆಗಿದೆ ಕಣೇ.’