ಕಿರ್ಲೋಸ್ಕರವಾಡಿಯ ನೇಗಿಲು, ಅಥಣಿಯ ಗಾಲಿ

ಪುಣೆಯಿಂದ ಮೀರಜಿಗೆ ಹೋಗುವ ರೈಲು ಕರಾಡ ದಾಟಿ, ಟಾಕಾರಿ ಬಿಟ್ಟ ಮೇಲೆ ಎರಡೂ ಬದಿಗೆ ಕಬ್ಬು ದಟ್ಟವಾಗುತ್ತದೆ. ಆಮೇಲೆ ಬರುವ ನಿಲ್ದಾಣ ಕಿರ್ಲೋಸ್ಕರವಾಡಿ. ನಮ್ಮ ಪುಣೆಯ ಹುಡುಗ ಹುಡುಗಿಯರಿಗೆ ಕಿರ್ಲೋಸ್ಕರ ಎಂದರೆ ಪಂಪು, ಇಂಜಿನು. ಅದಕ್ಕಿಂತ ಮೊದಲು ನೇಗಿಲು ಇತ್ತು, ನೇಗಿಲಿಗೂ ಮೊದಲು ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ಇತ್ತು ಎಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋದವರು ಬಣ್ಣಗಳ ಭೇದ ಸರಿಯಾಗಿ ಕಾಣದೆ ಯಂತ್ರಗಳ ನಕ್ಷೆ ಬರೆಯುವುದಕ್ಕೆ ತಿರುಗಿದರು. ಮುಂದೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ, ಮೇವು ಕತ್ತರಿಸುವ ಯಂತ್ರ, ನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿ, ಮೊದಲ ನೇಗಿಲುಗಳು ಎರಡು ವರ್ಷ ಮಾರಾಟವಾಗದೆ ಕೂತಿದ್ದವಂತೆ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಕುಂಡಲ ರೋಡ್ ಸ್ಟೇಶನ್ನಿನ ಹತ್ತಿರ ಪಾಪಾಸುಕಳ್ಳಿ ಬೆಳೆದ ಬರಡು ನೆಲ ಕೊಟ್ಟರು. ಅದು 1910. ಇಂದಿನ ಕಿರ್ಲೋಸ್ಕರವಾಡಿ ಅದೇ. (ಆ ಕುಂಡಲದಿಂದಲೇ ಕ್ರಾಂತಿಸಿಂಹ ನಾನಾ ಪಾಟೀಲರ ಪ್ರತಿಸರ್ಕಾರ ನಡೆದದ್ದು. ಆ ಕಥೆ ಇನ್ನೊಮ್ಮೆ ಹೇಳುವಷ್ಟು ದೊಡ್ಡದು.)

ನಾನು ಮಾತ್ರ ಆ ನಿಲ್ದಾಣದಲ್ಲಿ ಇಳಿಯುವುದಿಲ್ಲ. ಮೀರಜಿನಲ್ಲಿಳಿದು ಬಸ್ಸು ಹಿಡಿಯುತ್ತೇನೆ. ಕಾಗವಾಡದಲ್ಲಿ ಬೋರ್ಡುಗಳ ಲಿಪಿ ಬದಲಾಗುತ್ತದೆ. ಮಾತು ಮಾತ್ರ ಆಚೆಗೂ ಈಚೆಗೂ ಎರಡೂ ಭಾಷೆಯದು. ಅಲ್ಲಿಂದ ಮುಂದೆ ಅಥಣಿ, ಅಥಣಿಯಿಂದ ಇನ್ನೂ ಒಳಗೆ ನಮ್ಮ ಯಜಮಾನರ ಊರು.

ಕಳೆದ ಮಾರ್ಚಿನಲ್ಲಿ ಹೋದಾಗ ಹೊಲ ಪಾಲಾಗುವುದಿತ್ತು. ದನದ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಕಬ್ಬಿಣದ ನೇಗಿಲು ಯಾರ ಪಾಲಿಗೂ ಬರಲಿಲ್ಲ. ಕಿರ್ಲೋಸ್ಕರವಾಡಿಯಿಂದ ಬಂದದ್ದು ಎಂದು ಮಾವನವರು ಹೇಳುತ್ತಿದ್ದ ನೇಗಿಲು. ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗ ಅದನ್ನು ಒಯ್ದು ನಮ್ಮ ಸೊಸೈಟಿಯ ತೋಟದಲ್ಲಿ ಬಣ್ಣ ಬಳಿದು ನಿಲ್ಲಿಸುತ್ತೇನೆಂದ. ನಮ್ಮ ಭಾವನವರು ತಲೆ ಎತ್ತದೆಯೇ ಅಂದರು: "ಗಾಲಿ ತಿರಗಲಾರದ ನೇಗಿಲಾ ಒಯ್ದು ಏನ್ ಮಾಡ್ತಿ? ಗುಜರಿಯಾಂವ ನಾಳೆ ಬರ್ತಾನ, ತೂಕಕ್ಕ ಹಾಕು." ಮಾತು ಸಿಟ್ಟಿನದಲ್ಲ. ಅದು ಇನ್ನೂ ಕೆಟ್ಟದ್ದು.

ನಿಮಗೆ ನೇಗಿಲಿಗೇಕೆ ಗಾಲಿ ಎನಿಸಬಹುದು. ಮರದ ನೇಗಿಲಿಗೆ ಇಲ್ಲ. ಕಬ್ಬಿಣದ ಭಾರಿ ನೇಗಿಲಿಗೆ ಈಸಿನ ಮುಂದಿನ ತುದಿಯಲ್ಲಿ ಒಂದು ಸಣ್ಣ ಗಾಲಿ ಇರುತ್ತದೆ. ಗಾಲಿಯನ್ನು ಮೇಲೇರಿಸಿದರೆ ಕುಳ ಆಳಕ್ಕಿಳಿಯುತ್ತದೆ, ಕೆಳಗಿಳಿಸಿದರೆ ಸಾಲು ತೆಳುವಾಗುತ್ತದೆ. ಅದು ತಿರುಗದಿದ್ದರೆ ಮಣ್ಣು ನೂಕುತ್ತ ಹೋಗಿ ಎತ್ತುಗಳ ಹೆಗಲಿಗೆ ಭಾರ.

ಮಗ ಹಟ ಬಿಡಲಿಲ್ಲ. ದೊಡ್ಡ ಸುತ್ತಿಗೆ ಹುಡುಕಿ ತಂದ. ಅಷ್ಟರಲ್ಲಿ ಊರ ಕಂಬಾರ ಅಜ್ಜ ಬಂದದ್ದು ನಮ್ಮ ಪುಣ್ಯ. "ಹೊಡೀಬ್ಯಾಡ ತಮ್ಮಾ, ಇದು ಬೀಡು. ಬಾಗೂದಿಲ್ಲ, ಒಡೀತೈತಿ."

ಆ ಮೂರು ದಿನ ನಾನು ನೋಡಿದ್ದನ್ನು ಹೇಳುತ್ತೇನೆ. ಮೊದಲು ತಂತಿ ಬ್ರಶ್ಶಿನಿಂದ ತಿಕ್ಕಿ, ಮಣ್ಣು ಮತ್ತು ಕಲ್ಲಾಗಿದ್ದ ಹಳೆಯ ಗ್ರೀಸು ಕೆರೆದರು. ಆಗ ಕಡಾಣಿ ಕಂಡಿತು. ಅದನ್ನು ತೆಗೆಯದೆ ಎಷ್ಟು ಎಳೆದರೂ ವ್ಯರ್ಥ. ಡೀಸೆಲ್ಲಿನಲ್ಲಿ ಇಂಜಿನ್ ಎಣ್ಣೆ ಬೆರೆಸಿ ಚಿಂದಿ ತೋಯಿಸಿ ಗಾಲಿಯ ಗುಂಬಕ್ಕೆ ಸುತ್ತಿಟ್ಟು, ದಿನಕ್ಕೆ ನಾಲ್ಕಾರು ಬಾರಿ ಮತ್ತೆ ತೊಟ್ಟಿಕ್ಕಿಸಿದರು. ಜೊತೆಗೆ ಮರದ ತುಂಡು ನಡುವೆ ಇಟ್ಟು ಸುತ್ತಲೂ ಮೆಲ್ಲಗೆ ತಟ್ಟುವುದು. ತಟ್ಟುವುದು ಹೊರಹಾಕಲಿಕ್ಕಲ್ಲ, ತುಕ್ಕನ್ನು ನಡುಗಿಸಿ ಎಣ್ಣೆಗೆ ದಾರಿ ಮಾಡಿಕೊಡಲಿಕ್ಕೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಹಾಗಾಗಿಯೇ ಅಚ್ಚು ಗುಂಬದೊಳಗೆ ಬಿಗಿಯಾಗಿ ಕೂರುತ್ತದೆ.

ಎರಡನೆಯ ದಿನ ಕಡಾಣಿ ಬಂತು, ಗಾಲಿ ಬರಲಿಲ್ಲ. ಮೂರನೆಯ ದಿನ ಎಣ್ಣೆಯನ್ನೆಲ್ಲ ಒರೆಸಿ ಬಿಸಿಲಿಗೆ ಒಣಗಿಸಿ, ಗುಂಬದ ಸುತ್ತ ಮಾತ್ರ ಕುಳ್ಳು ಜೋಡಿಸಿ ಬೆಂಕಿ ಹಚ್ಚಿದರು. (ಎಣ್ಣೆ ಇರುವಾಗಲೇ ಬೆಂಕಿ ಹಚ್ಚುವ ಸಾಹಸ ಬೇಡ, ಮತ್ತೆ ಹೇಳುತ್ತೇನೆ.) ಮರದ ಗಾಡಿಗಾಲಿಗೆ ಕಬ್ಬಿಣದ ಹಳಿ ತೊಡಿಸುವಾಗಲೂ ಹೀಗೆಯೇ ಸುತ್ತಲೂ ಸಮನಾಗಿ ಕಾಯಿಸುತ್ತಾರೆ; ಕಾದ ಹಳಿ ಹಿಗ್ಗುತ್ತದೆ. ಆದರೆ ಹಳಿಯ ಮೇಲೆ ನೀರು ಸುರಿದು ಬಿಗಿ ಮಾಡುವಂತೆ ಬೀಡಿನ ಮೇಲೆ ಸುರಿದರೆ ಸೀಳಿ ಹೋಗುತ್ತದೆ. ಗುಂಬ ಹೊರಗಿನಿಂದ ಕಾದು ಹಿಗ್ಗಿತು, ಒಳಗಿನ ಅಚ್ಚು ಅಷ್ಟು ಕಾದಿರಲಿಲ್ಲ. ಅಜ್ಜ ಒಂದು ಮೇಣದಬತ್ತಿಯನ್ನು ಸಂದಿಗೆ ಮುಟ್ಟಿಸಿದರು. ಮೇಣ ಕರಗಿ ಒಳಕ್ಕೆ ಸರ್ರನೆ ಹೀರಿಹೋಯಿತು. ಅರೆಗಳ ಬುಡದಲ್ಲಿ ಬಡಿಗೆ ಸಿಕ್ಕಿಸಿ ನನ್ನ ಮಗನ ಕೈಗೆ ಕೊಟ್ಟು, "ಎಳೀಬ್ಯಾಡ, ತಿರಗಸು. ಅತ್ತಾಗೊಮ್ಮೆ, ಇತ್ತಾಗೊಮ್ಮೆ" ಎಂದರು. ಮೊದಲು ಕೂದಲೆಳೆಯಷ್ಟು. ಆಮೇಲೆ ಒಂದು ಬೆರಳು. ಸಂಜೆ ದನ ಬರುವ ಹೊತ್ತಿಗೆ ಗಾಲಿ ಕಳಚಿ ಕೈಗೆ ಬಂತು.

ಭಾವನವರು ದೂರ ಕೂತಿದ್ದವರು ಎದ್ದು ಬಂದು ಅಚ್ಚನ್ನು ಬಟ್ಟೆಯಿಂದ ಒರೆಸಿ ನೋಡಿದರು. ಕೆಳಭಾಗ ಸವೆದಿತ್ತು, ಅದು ಸಹಜ. ಭಾರವೆಲ್ಲ ಅಲ್ಲೇ ಬೀಳುತ್ತದೆ. ಮೇಲ್ಭಾಗವೂ ಅಷ್ಟೇ ಸವೆದಿತ್ತು. ಒಂದು ಮಗ್ಗುಲು ಸವೆದ ಮೇಲೆ ಯಾರೋ ಅಚ್ಚನ್ನು ಹೊರಳಿಸಿ ಕೂಡಿಸಿದ್ದರು. "ಅಪ್ಪಾರು" ಎಂದರು ಭಾವ. ಆ ಬರಗಾಲದ ವರ್ಷ ಹೊಸ ಅಚ್ಚಿಗೆ ದುಡ್ಡಿಲ್ಲದೆ ಮಾವನವರು ತಾವೇ ಹೊರಳಿಸಿದ್ದನ್ನು, ಅವರಿಗೆ ತಾವು ದೀಪ ಹಿಡಿದದ್ದನ್ನು ಆಗ ಹೇಳಿದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು, ಅವರು ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ.

ಮರುದಿನ ಗುಜರಿಯವನು ತಕ್ಕಡಿ ತಂದು ಹಾಗೇ ಹೋದ. ಕಂಬಾರ ಅಜ್ಜ ಹೊಸ ಅಚ್ಚು ಮಾಡಿಕೊಟ್ಟರು. ಭಾವನವರ ಪಾಲಿನ ಎರಡು ಎಕರೆಯಲ್ಲಿ ಕರಿಕೆ ಹಬ್ಬಿದ ಒಂದು ಮೂಲೆ ಇದೆ. ಮುಂಗಾರಿಗೆ ಮುಂಚೆ ಅಲ್ಲಿ ನೇಗಿಲು ಹೂಡಿದರಂತೆ. ಮಗ ಪುಣೆಗೆ ತಂದದ್ದು ಸವೆದ ಹಳೆಯ ಅಚ್ಚನ್ನು ಮಾತ್ರ. ಸೊಸೈಟಿಯ ತೋಟದ ಸುದ್ದಿ ಅವನು ಮತ್ತೆ ಎತ್ತಿಲ್ಲ.