ರಾಮನಗರದಲ್ಲಿ ನಾಲ್ಕು ಸಂಜೆ

ಮುಂಬಯಿಗೆ ಬಂದು ಹನ್ನೆರಡು ವರ್ಷಗಳಾದರೂ ನಾವು ಈ ನಗರದಲ್ಲಿ ನಿಂತು ಏನನ್ನೂ ನೋಡಿದವರಲ್ಲ. ಲೋಕಲ್ ಗಾಡಿ, ಶಾಲೆಯ ಗಂಟೆ, ಮನೆಪಾಠ, ಮರಳಿ ಗಾಡಿ. ಇಷ್ಟರಲ್ಲಿಯೇ ದಿನ ತೀರುವುದು. ತರಗತಿಯಲ್ಲಿ ನಮ್ಮ ಬಾಯಿಂದ ಅತಿ ಹೆಚ್ಚಾಗಿ ಹೊರಡುವ ಮಾತು "ಬೇಗ, ಬೇಗ" ಎಂಬುದೆಂದು ನೀವೇ ಬಲ್ಲಿರಿ. ಅಂಥ ನಾವು ಕಳೆದ ವರ್ಷ ದಸರೆಯ ಸಮಯದಲ್ಲಿ ಕಾಶಿಯಾತ್ರೆಗೆ ಹೊರಟು, ಕಾಶಿಯ ಎದುರು ದಡದ ರಾಮನಗರಕ್ಕೆ ಮನಸೋತು ಬಂದೆವು.

ಹನುಮಾನ್ ಘಾಟಿನ ಬಳಿ ನಮ್ಮ ಬಿಡಾರ; ಪಕ್ಕದಲ್ಲಿಯೇ ಕರ್ನಾಟಕ ಘಾಟ್. ಅಲ್ಲಿಂದ ಬೆಳಿಗ್ಗೆ ಹೋಗಿ, ಕೋಟೆ ನೋಡಿ, ಮಧ್ಯಾಹ್ನಕ್ಕೆ ಹಿಂದಿರುಗುವುದೆಂದು ಯೋಜನೆ. 2017ರಲ್ಲಿ ಸಾಮ್‌ನೇ ಘಾಟಿನ ಸೇತುವೆ ತೆರೆದಂದಿನಿಂದ ಹಾದಿ ಸುಲಭವಾಗಿದೆ. ಅದಕ್ಕೆ ಮೊದಲು ತೇಲುಸೇತುವೆಯಿತ್ತು. ಮಳೆಗಾಲದಲ್ಲಿ ಅದನ್ನು ಬಿಚ್ಚಿಡುತ್ತಿದ್ದರಂತೆ.

ಕಾಶೀನರೇಶ ಬಲವಂತ ಸಿಂಹನು 18ನೆಯ ಶತಮಾನದಲ್ಲಿ ಚುನಾರದ ಕಲ್ಲಿನಿಂದ ಕಟ್ಟಿಸಿದ ಕೋಟೆಯ ಬುಡದಲ್ಲಿ ಗಂಗೆ ಸದ್ದಿಲ್ಲದೆ ಉತ್ತರಕ್ಕೆ ಹರಿಯುತ್ತಾಳೆ. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಸೂರ್ಯಚಂದ್ರರ ಗತಿಯನ್ನೂ ತೋರಿಸುವ ದೊಡ್ಡ ಗಡಿಯಾರವೊಂದಿದೆ. ಹೊರಬಂದು ಲಸ್ಸಿಯಂಗಡಿಯಲ್ಲಿ ಅವಸರಪಡಿಸಿದಾಗ, ಅಂಗಡಿಯವನು ಮೊಸರು ಕಡೆಯುವುದನ್ನೇ ನಿಲ್ಲಿಸಿ ನಮ್ಮ ಮುಖವನ್ನು ಕನಿಕರದಿಂದ ನೋಡಿದನು. ಈ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುವರೆಂಬ ನಂಬಿಕೆಯನ್ನು ನಮಗೆ ಹೇಳಿದವನೂ ಅವನೇ. ಸಾಯಲು ಆಚೆಯ ದಡ, ಬಾಳಲು ಈಚೆಯ ದಡ ಎಂದು ನಗುತ್ತ ಮಣ್ಣಿನ ಲೋಟವನ್ನು ಕೈಗಿತ್ತನು. ನಾವು ಮಧ್ಯಾಹ್ನಕ್ಕೆ ಹಿಂದಿರುಗಲಿಲ್ಲ.

ಸಂಜೆ ಜನರೊಡನೆ ರಾಮಲೀಲೆಗೆ ನಡೆದೆವು. ಇಲ್ಲಿ ಅದು 31 ದಿನಗಳ ಕಥೆ. ಅಯೋಧ್ಯೆ, ಜನಕಪುರಿ, ಪಂಚವಟಿ, ಲಂಕೆ ಎಲ್ಲವೂ ಊರಿನ ಬೇರೆ ಬೇರೆ ಎಡೆಗಳಲ್ಲಿವೆ. ಕಥೆ ನಡೆದಂತೆ ನೋಡುವವರೂ ನಡೆಯಬೇಕು. ವಿದ್ಯುದ್ದೀಪವಿಲ್ಲ, ಧ್ವನಿವರ್ಧಕವಿಲ್ಲ, ಪೆಟ್ರೋಮ್ಯಾಕ್ಸ್ ಮತ್ತು ಪಂಜುಗಳ ಬೆಳಕು. ರಾಮ, ಸೀತೆ, ಮೂವರು ತಮ್ಮಂದಿರ ಪಾತ್ರಗಳೆಲ್ಲ ಚಿಕ್ಕ ಹುಡುಗರವೇ. ಅವರು ಮಾತನಾಡುವ ಮೊದಲು ಒಬ್ಬರು "ಚುಪ್ ರಹೋ, ಸಾವಧಾನ್!" ಎಂದು ಕೂಗುತ್ತಾರೆ. ನಮ್ಮ ಹಿಂದಿ ಅಷ್ಟಕ್ಕಷ್ಟೆ. 'ಸಾವಧಾನ' ಎಂಬುದನ್ನು ಕನ್ನಡದಲ್ಲಿಯೇ ಕೇಳಿ, ಇಷ್ಟು ನಿಧಾನಸ್ಥರಿಗೆ ಇನ್ನೂ ನಿಧಾನವಾಗಿರೆಂದು ಹೇಳುವರಲ್ಲ ಎಂದು ಬೆರಗಾದೆವು! ಗಮನವಿಡಿ ಎಂಬ ಅರ್ಥವೆಂದು ಪಕ್ಕದವರಿಂದ ತಿಳಿಯಿತು. ನಿಜಕ್ಕೂ ಮೂಲದಲ್ಲಿ ಅದು ಅವಧಾನದಿಂದ ಕೂಡಿದ್ದು ಎಂದೇ. ಕನ್ನಡ ಕಲಿಸುವ ನಮಗೆ ಇದು ಹೊಳೆಯಬೇಕಾಗಿತ್ತು.

ನೆರೆದ ಜನ ಮೌನವಾಯಿತು. ನಿಮ್ಮದೇ ವಯಸ್ಸಿನ ಹುಡುಗನೊಬ್ಬನು ಒಂದೊಂದು ಅಕ್ಷರವನ್ನೂ ಎಳೆದು, ನಡುನಡುವೆ ನಿಂತು ಮಾತನಾಡಿದನು. ಒಂದು ವಾಕ್ಯಕ್ಕೆ ಅವನು ತೆಗೆದುಕೊಂಡಷ್ಟು ಹೊತ್ತನ್ನು ನಾವು ಒಂದು ಪುಟಕ್ಕೂ ಕೊಟ್ಟವರಲ್ಲ. ಯಾರೂ ಕೆಮ್ಮಲಿಲ್ಲ. ಆಗ ಏಳನೆಯ ತರಗತಿಯ ಒಬ್ಬ ಹುಡುಗನ ಮುಖ ನೆನಪಾಯಿತು. ಆಗಸ್ಟಿನಲ್ಲಿ ಪದ್ಯ ಓದುತ್ತಿದ್ದಾಗ ಒಂದು ಒತ್ತಕ್ಷರದ ಬಳಿ ಅವನು ತಡವರಿಸಿದನು. ಪಾಠ ಮುಗಿಯಬೇಕೆಂದು ನಾವು ಅವನನ್ನು ಕೂರಿಸಿ ಪುಸ್ತಕವನ್ನು ಮುಂದಿನವನಿಗೆ ಕೊಟ್ಟೆವು. ಮತ್ತೆ ಅವನು ಕೈಯೆತ್ತಿರಲಿಲ್ಲ.

ಮುಂದಿನ ಮೂರು ಸಂಜೆಗಳನ್ನೂ ಅಲ್ಲಿಯೇ ಕಳೆದೆವು. ನೋಡಬೇಕೆಂದು ಪಟ್ಟಿ ಮಾಡಿದ್ದ ಸಾರನಾಥ ಉಳಿದೇಹೋಯಿತು. ರಾವಣ ಬೀಳುವ ಮೊದಲೇ ಗಾಡಿ ಹತ್ತಬೇಕಾದ್ದೊಂದೇ ವ್ಯಥೆ.

ಶಾಲೆ ತೆರೆದ ದಿನ ಅದೇ ಪದ್ಯವನ್ನು ತೆಗೆಸಿ ಆ ಹುಡುಗನನ್ನು ಎಬ್ಬಿಸಿದೆವು. ಒತ್ತಕ್ಷರದ ಬಳಿ ಅವನು ನಿಂತನು. ನಾವೂ ಸುಮ್ಮನೆ ನಿಂತೆವು. ಗಂಟೆ ಬಾರಿಸಿದಾಗ ಅವನು ಮೂರನೆಯ ನುಡಿಯಲ್ಲಿದ್ದನು.